ಫಿಸ್ಟುಲಾ ಆಪರೇಷನ್: ಯಾವುದು ಯಾರಿಗೆ, ಹೇಗೆ ತೀರ್ಮಾನಿಸುವುದು

ಮಲದ್ವಾರದ ಪಕ್ಕದಲ್ಲಿ ಒಂದು ಸಣ್ಣ ಗುಳ್ಳೆ ಏಳುತ್ತದೆ. ನಾಲ್ಕು ದಿನ ಬಾತು ನೋಯುತ್ತದೆ, ಒಡೆದು ಕೀವು ಹೋದರೆ ಹಾಯೆನಿಸುತ್ತದೆ, ಕೆಲವು ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ತುಂಬುತ್ತದೆ. ಒಳಉಡುಪಿನಲ್ಲಿ ಹಳದಿ ಕಲೆ, ಕೆಲವೊಮ್ಮೆ ರಕ್ತದ ಕಲೆ. ಇದು ಫಿಸ್ಟುಲಾ, ಆಯುರ್ವೇದದಲ್ಲಿ ಭಗಂದರ. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇದನ್ನೂ ಮೂಲವ್ಯಾಧಿಯೆಂದೇ ಹೇಳಿಕೊಂಡು ಮುಲಾಮು ಹಚ್ಚುತ್ತ ವರ್ಷ ಕಳೆಯುವವರು ತುಂಬ ಮಂದಿ. ಮೂಲವ್ಯಾಧಿ ರಕ್ತನಾಳಗಳ ಊತ. ಅದಕ್ಕೆ ಮದ್ದು ಕೆಲಸ ಮಾಡುವುದುಂಟು. ಫಿಸ್ಟುಲಾ ಹಾಗಲ್ಲ. ಅದು ಒಳಗಿನಿಂದ ಹೊರಗಿನ ಚರ್ಮದವರೆಗೆ ಕೊರೆದುಕೊಂಡ ದಾರಿ. ದೊಡ್ಡವರಲ್ಲಿ ಅದು ಮಾತ್ರೆಯಿಂದಾಗಲಿ ಮುಲಾಮಿನಿಂದಾಗಲಿ ಮುಚ್ಚುವುದು ತೀರಾ ಅಪರೂಪ.

ಆದ್ದರಿಂದ ಆಪರೇಷನ್ ಬೇಕೇ ಎನ್ನುವುದಕ್ಕಿಂತ ಯಾವ ಆಪರೇಷನ್ ಎನ್ನುವುದೇ ದೊಡ್ಡ ಪ್ರಶ್ನೆ. ಇಲ್ಲೇ ಹೆಚ್ಚಿನವರು ಹಿಂದುಮುಂದು ಮಾಡಿಕೊಳ್ಳುತ್ತಾರೆ. ‘ಲೇಸರ್ ಮಾಡಿಸೋಣವೇ, ದಾರ ಕಟ್ಟಿಸೋಣವೇ’ ಎಂದು ಮೊದಲೇ ಹೆಸರು ಆರಿಸಿ, ಆಮೇಲೆ ಡಾಕ್ಟರನ್ನು ಹುಡುಕುತ್ತಾರೆ. ಹೆಸರು ಕೊನೆಗೆ ಬರಬೇಕಾದದ್ದು. ದಾರಿ ಎಷ್ಟು ಮಾಂಸಖಂಡವನ್ನು ಹಾದು ಹೋಗಿದೆ ಎಂಬುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಮುಂದಿನ ಅರ್ಧ ತೀರ್ಮಾನ ತಾನಾಗಿ ಆಗುತ್ತದೆ.

ಒಳಗೆ ಆಗಿರುವುದೇನು

ಮಲದ್ವಾರದ ನಾಳ ಸುಮಾರು 4 ಸೆಂಟಿಮೀಟರ್ ಉದ್ದ. ಹೊರ ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಒಳಗೆ, ಸುತ್ತಲೂ, ಸಣ್ಣ ಗ್ರಂಥಿಗಳ ಬಾಯಿಗಳಿವೆ. ಅವುಗಳಲ್ಲಿ ಒಂದು ಕಟ್ಟಿಕೊಂಡು ಸೋಂಕಾದರೆ ಎರಡು ಸ್ನಾಯುಗಳ ನಡುವೆ ಕೀವು ತುಂಬುತ್ತದೆ. ಆ ಕೀವು ಸಿಕ್ಕ ಸಡಿಲ ಜಾಗದಲ್ಲಿ ನುಗ್ಗಿ ಚರ್ಮದ ಹತ್ತಿರ ಬಂದರೆ ಕುರು. ಕುರು ಒಡೆದ ಮೇಲೂ ಒಳಬಾಯಿ ತೆರೆದೇ ಉಳಿದರೆ ಫಿಸ್ಟುಲಾ. ಹತ್ತರಲ್ಲಿ ಸುಮಾರು ಒಂಬತ್ತು ಫಿಸ್ಟುಲಾಗಳು ಹುಟ್ಟುವುದು ಹೀಗೆಯೇ. ಉಳಿದವುಗಳ ಹಿಂದೆ ಕ್ಷಯ, ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ), ಹೆರಿಗೆಯ ಗಾಯ, ಹಳೆಯ ಆಪರೇಷನ್, ರೇಡಿಯೇಷನ್, ಅಪರೂಪಕ್ಕೆ ಕ್ಯಾನ್ಸರ್ ಇರುತ್ತದೆ.

ಗದ್ದೆಯ ಕಟ್ಟಹುಣಿಯಲ್ಲಿ ಏಡಿ ಬಿಲ ಕೊರೆದಾಗ ಹೊರಬದಿಯ ಬಾಯಿಗೆ ಮಾತ್ರ ಮಣ್ಣು ಮೆತ್ತಿದರೆ ನೀರು ನಿಲ್ಲುವುದಿಲ್ಲ. ಒಳಬದಿಯ ಬಾಯಿ ಹುಡುಕಿ ಮುಚ್ಚಬೇಕು. ಫಿಸ್ಟುಲಾದ ಎಲ್ಲ ಆಪರೇಷನ್‌ಗಳ ಗುಟ್ಟೂ ಇದೇ. ಒಳಬಾಯಿ ಕೈತಪ್ಪಿದರೆ ಎಷ್ಟು ದುಬಾರಿ ಯಂತ್ರ ತಂದರೂ ಕಾಯಿಲೆ ಮರಳುತ್ತದೆ.

ಇನ್ನು ಸ್ನಾಯುಗಳು. ಮಲದ್ವಾರವನ್ನು ಮುಚ್ಚಿಡುವ ಬಿಗಿಸ್ನಾಯುಗಳು ಎರಡು. ಒಳಗಿನದ್ದು ನಮ್ಮ ಅರಿವಿಲ್ಲದೆ ಸದಾ ಬಿಗಿದಿರುತ್ತದೆ, ಹೊರಗಿನದ್ದನ್ನು ನಾವೇ ಬೇಕೆಂದಾಗ ಬಿಗಿಯುತ್ತೇವೆ. 1976ರಲ್ಲಿ ಬ್ರಿಟನ್ನಿನ ಸರ್ಜನ್ ಪಾರ್ಕ್ಸ್ ಮತ್ತು ಸಂಗಡಿಗರು ಫಿಸ್ಟುಲಾಗಳನ್ನು ಈ ಎರಡು ಸ್ನಾಯುಗಳ ಲೆಕ್ಕದಲ್ಲೇ ವಿಂಗಡಿಸಿದರು. ಎರಡರ ನಡುವೆಯೇ ಇಳಿದು ಬರುವುದು ಇಂಟರ್‌ಸ್ಫಿಂಕ್ಟರಿಕ್. ಹೊರಸ್ನಾಯುವನ್ನು ತೂರಿ ಹೋಗುವುದು ಟ್ರಾನ್ಸ್‌ಸ್ಫಿಂಕ್ಟರಿಕ್. ಸ್ನಾಯುಗಳ ಮೇಲಿನಿಂದ ಸುತ್ತಿ ಬರುವುದು ಸುಪ್ರಾಸ್ಫಿಂಕ್ಟರಿಕ್. ಸ್ನಾಯುಗಳ ಗೊಡವೆಯೇ ಇಲ್ಲದೆ ಮೇಲಿನ ಗುದನಾಳದಿಂದ ನೇರ ಬರುವುದು ಎಕ್ಸ್‌ಟ್ರಾಸ್ಫಿಂಕ್ಟರಿಕ್. ನಿಮ್ಮ ರಿಪೋರ್ಟಿನಲ್ಲಿ ಈ ನಾಲ್ಕರಲ್ಲಿ ಒಂದು ಪದ ಇದ್ದೇ ಇರುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ.

ಕುರು ಇರುವಾಗ ಫಿಸ್ಟುಲಾದ ಮಾತು ಬೇಡ

ಜ್ವರ, ಕೂರಲಾಗದಂಥ ನೋವು, ಕೆಂಪಾಗಿ ಬಿಸಿಯಾದ ಊತ ಇದ್ದರೆ ಅದು ಕುರು. ಅದನ್ನು ಅದೇ ದಿನ ಅಥವಾ ಮರುದಿನ ಕೊಯ್ದು ಕೀವು ತೆಗೆಸಬೇಕು. ಆ್ಯಂಟಿಬಯೊಟಿಕ್ ನುಂಗಿ ‘ಬತ್ತಿಸಲು’ ಕಾಯುವುದು ತಪ್ಪು. ಅಷ್ಟರಲ್ಲಿ ಕೀವು ಒಳಗೊಳಗೇ ಬೇರೆ ದಾರಿ ಹಿಡಿಯುತ್ತದೆ. ಇದು ಯಾವುದೇ ಸರ್ಜನ್ ಮಾಡಬಲ್ಲ ಕೆಲಸ. ಕಾಸರಗೋಡು ಜನರಲ್ ಆಸ್ಪತ್ರೆಯಲ್ಲೋ ಹತ್ತಿರದ ಇನ್ನೊಂದು ಆಸ್ಪತ್ರೆಯಲ್ಲೋ ಮಾಡಿಸಿಕೊಳ್ಳಿ, ಇದಕ್ಕಾಗಿ ಮಂಗಳೂರಿಗೆ ಓಡಬೇಕಿಲ್ಲ.

ಸಕ್ಕರೆ ಕಾಯಿಲೆ ಇರುವವರು ಒಂದು ಗಂಟೆಯನ್ನೂ ಕಳೆಯಬಾರದು. ಚರ್ಮ ಕಪ್ಪಾಗುತ್ತಿದ್ದರೆ, ಊತ ವೃಷಣದ ಕಡೆಗೋ ತೊಡೆಯ ಕಡೆಗೋ ಹರಡುತ್ತಿದ್ದರೆ, ಕೆಟ್ಟ ವಾಸನೆ ಬಂದರೆ ಅದು ಜೀವಕ್ಕೇ ಅಪಾಯ. ರಾತ್ರಿಯಾದರೂ ಸರಿ, ಐಸಿಯು ಇರುವ ಆಸ್ಪತ್ರೆಗೆ ಹೊರಡಿ.

ಕುರು ಕೊಯ್ದವರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಂದಿಗೆ ಮುಂದೆ ಫಿಸ್ಟುಲಾ ಆಗುತ್ತದೆ. ಉಳಿದವರಿಗೆ ಆಗುವುದಿಲ್ಲ. ಹಾಗಾಗಿ ಕೀವು ತೆಗೆಯುವ ದಿನವೇ ಕಡ್ಡಿ ಹಾಕಿ ಒಳದಾರಿ ಹುಡುಕುವುದು ಸಲ್ಲದು. ಸೋಂಕಿನಿಂದ ಮೆತ್ತಗಾದ ಮಾಂಸದಲ್ಲಿ ಕಡ್ಡಿ ತಾನೇ ಹೊಸ ದಾರಿ ಮಾಡಿಬಿಡುತ್ತದೆ. ಗಾಯ ಆರಲಿ. ಆರೆಂಟು ವಾರವಾದರೂ ಒಂದು ಬಾಯಿ ಸೋರುತ್ತಲೇ ಇದ್ದರೆ ಆಗ ಮುಂದಿನ ಹೆಜ್ಜೆ.

ನಕ್ಷೆ ತಯಾರಿಸಿಕೊಳ್ಳುವುದು

ಮೊದಲು ಕೈಯ ಪರೀಕ್ಷೆ. ಸರ್ಜನ್ ಹೊರಬಾಯಿ ಎಲ್ಲಿದೆ ನೋಡುತ್ತಾರೆ, ಚರ್ಮದಡಿ ಗಟ್ಟಿಯಾದ ದಾರವೊಂದು ಸಿಗುತ್ತದೆಯೇ ಎಂದು ಒತ್ತಿ ನೋಡುತ್ತಾರೆ, ಬೆರಳು ಹಾಕಿ ಸ್ನಾಯುವಿನ ಬಿಗಿ ಅಳೆಯುತ್ತಾರೆ, ಪ್ರಾಕ್ಟೊಸ್ಕೋಪ್ ಎಂಬ ಸಣ್ಣ ಕೊಳವೆ ಹಾಕಿ ಒಳಗೆ ಕಣ್ಣಾಡಿಸುತ್ತಾರೆ. ನಾಚಿಕೆಯಿಂದ ಇದನ್ನು ಬೇಡವೆನ್ನಬೇಡಿ. ಮಹಿಳಾ ವೈದ್ಯರೋ ನರ್ಸೋ ಜತೆಗಿರಬೇಕೆಂದು ಕೇಳುವ ಹಕ್ಕು ಹೆಂಗಸರಿಗಿದೆ, ಕೇಳಿ. ಬೆರಳು ಹಾಕಿಯೂ ನೋಡದೆ ಆಪರೇಷನ್ ದಿನಾಂಕ ಕೊಡುವ ಕಡೆ ನಿಲ್ಲಬೇಡಿ.

ಒಂದು ಹಳೆಯ ಅಂದಾಜು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಹೊರಬಾಯಿ ಮಲದ್ವಾರದ ಹಿಂಬದಿಯ ಅರ್ಧದಲ್ಲಿದ್ದರೆ ದಾರಿ ಬಾಗಿ ಬಂದು ಸಾಮಾನ್ಯವಾಗಿ ಹಿಂದಿನ ನಡುಗೆರೆಯಲ್ಲಿ ತೆರೆಯುತ್ತದೆ. ಮುಂಬದಿಯಲ್ಲಿದ್ದರೆ ನೇರವಾಗಿ ಒಳಗೆ ಹೋಗುತ್ತದೆ. ಆದರೆ ಮುಂದಿನ ಬಾಯಿ ಅಂಚಿನಿಂದ 3 ಸೆಂಟಿಮೀಟರ್‌ಗಿಂತ ದೂರದಲ್ಲಿದ್ದರೆ ಅದೂ ಸುತ್ತಿ ಹಿಂದಕ್ಕೆ ಹೋಗಿರಬಹುದು. ಗುಡ್‌ಸಾಲ್ ನಿಯಮವೆಂದು ಇದಕ್ಕೆ ಹೆಸರು. ಅಂದಾಜು ಅಂದಾಜೇ, ಇದೊಂದನ್ನೇ ನಂಬಿ ಕತ್ತಿ ಹಾಕುವಂತಿಲ್ಲ.

ಚರ್ಮದಡಿಯಲ್ಲೇ ಇರುವ, ಮೊದಲ ಬಾರಿ ಬಂದ, ಬೆರಳಿಗೆ ಸ್ಪಷ್ಟವಾಗಿ ಸಿಗುವ ಸಣ್ಣ ಫಿಸ್ಟುಲಾಕ್ಕೆ ಎಂಆರ್‌ಐ ಇಲ್ಲದೆಯೂ ನಡೆಯುತ್ತದೆ. ಉಳಿದ ಎಲ್ಲದಕ್ಕೂ, ಅದರಲ್ಲೂ ಒಮ್ಮೆ ಆಪರೇಷನ್ ಆಗಿ ಮರಳಿ ಬಂದದ್ದಕ್ಕೆ, ಎರಡು ಮೂರು ಬಾಯಿಗಳಿರುವುದಕ್ಕೆ, ಹೆಂಗಸರಲ್ಲಿ ಮುಂಬದಿಯದ್ದಕ್ಕೆ ಎಂಆರ್‌ಐ ಮಾಡಿಸಲೇಬೇಕು. ಚೀಟಿಯಲ್ಲಿ ‘ಎಂಆರ್ ಫಿಸ್ಟುಲೋಗ್ರಾಂ’ ಎಂದು ಬರೆಸಿಕೊಳ್ಳಿ. ಬರೀ ‘ಎಂಆರ್‌ಐ ಪೆಲ್ವಿಸ್’ ಎಂದಿದ್ದರೆ ಮಲದ್ವಾರದ ನಾಳಕ್ಕೆ ಹೊಂದಿಸಿದ ಸೀಳುಗಳು ಸಿಗದೆ ಹೋಗಬಹುದು. ಅರ್ಧ ಮುಕ್ಕಾಲು ಗಂಟೆಯ ಕೆಲಸ. ದೇಹದಲ್ಲಿ ಪೇಸ್‌ಮೇಕರ್, ಲೋಹದ ಕ್ಲಿಪ್ ಇದ್ದರೆ ಮೊದಲೇ ಹೇಳಬೇಕು. ಹೊರಬಾಯಿಗೆ ಬಣ್ಣದ ಮದ್ದು ತುಂಬಿ ಎಕ್ಸ್-ರೇ ತೆಗೆಯುವ ಹಳೆಯ ಪರೀಕ್ಷೆಯಲ್ಲಿ ಸ್ನಾಯು ಕಾಣುವುದೇ ಇಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ರಿಪೋರ್ಟ್ ಕೈಗೆ ಬಂದಾಗ ನೋಡಬೇಕಾದದ್ದು ಇಷ್ಟು. ಬಾಯಿಗಳ ಜಾಗವನ್ನು ಗಡಿಯಾರದ ಲೆಕ್ಕದಲ್ಲಿ ಬರೆದಿರುತ್ತಾರೆ. ಅಂಗಾತ ಮಲಗಿ ಕಾಲೆತ್ತಿದ ಭಂಗಿಯಲ್ಲಿ 12 ಗಂಟೆಯೆಂದರೆ ಮುಂಭಾಗ, 6 ಗಂಟೆಯೆಂದರೆ ಬೆನ್ನಿನ ಕಡೆ, 3 ಗಂಟೆ ನಿಮ್ಮ ಎಡಕ್ಕೆ. ಒಳಬಾಯಿ ಅಂಚಿನಿಂದ ಎಷ್ಟು ದೂರ ಎಂಬುದು ಮಿಲಿಮೀಟರ್‌ನಲ್ಲಿರುತ್ತದೆ. ಕವಲು ದಾರಿ, ಕುದುರೆಲಾಳದ ಆಕಾರ, ಒಳಗೆ ಕೀವಿನ ಗೂಡು ಇದೆಯೇ ಎಂಬ ಸಾಲು ಇರಬೇಕು. ಕೊನೆಗೆ ಸೇಂಟ್ ಜೇಮ್ಸ್ ದರ್ಜೆ, ಅಂದರೆ ಎಂಆರ್‌ಐ ನೋಡಿ ಫಿಸ್ಟುಲಾಕ್ಕೆ ಕೊಡುವ 1ರಿಂದ 5ರವರೆಗಿನ ಅಂಕೆ. 1 ಮತ್ತು 2 ಸ್ನಾಯುಗಳ ನಡುವಿನವು, 3 ಮತ್ತು 4 ಹೊರಸ್ನಾಯು ದಾಟಿದವು, 5 ಅದಕ್ಕೂ ಮೇಲೆ ಹೋದವು. 2 ಮತ್ತು 4ರಲ್ಲಿ ಕವಲೋ ಕೀವಿನ ಗೂಡೋ ಸೇರಿರುತ್ತದೆ. ರಿಪೋರ್ಟಿನ ಕಾಗದ ಮಾತ್ರ ಸಾಲದು, ಸಿಡಿ ಅಥವಾ ಫಿಲ್ಮ್ ಕೂಡ ಕೇಳಿ ತೆಗೆದುಕೊಳ್ಳಿ. ಸರ್ಜನ್ ಚಿತ್ರವನ್ನು ತಾವೇ ನೋಡಬೇಕು.

ಜತೆಗೆ ರಕ್ತದ ಸಕ್ಕರೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ. ಪದೇ ಪದೇ ಬೇಧಿ, ಹೊಟ್ಟೆನೋವು, ತೂಕ ಇಳಿಕೆ ಇದ್ದರೆ ಕ್ರೋನ್ಸ್‌ಗಾಗಿ ಕೊಲನೋಸ್ಕೋಪಿ (ಕ್ಯಾಮೆರಾ ಹಾಕಿ ದೊಡ್ಡ ಕರುಳನ್ನು ನೋಡುವುದು). ಸಂಜೆ ಜ್ವರ, ಕೆಮ್ಮು, ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿದ್ದರೆ ಎದೆಯ ಎಕ್ಸ್-ರೇ. ಕ್ರೋನ್ಸ್ ಇದ್ದವರಿಗೆ ಚಿಕಿತ್ಸೆಯ ದಾರಿಯೇ ಬೇರೆ: ಮೊದಲು ಮದ್ದಿನಿಂದ ಕರುಳನ್ನು ಹತೋಟಿಗೆ ತರಬೇಕು, ಅಲ್ಲಿಯವರೆಗೆ ಸಡಿಲ ದಾರ ಕಟ್ಟಿ ಕೀವು ಹರಿಯಬಿಡಬೇಕು. ದೊಡ್ಡ ಕೊಯ್ತ ಮಾಡಿದರೆ ಅವರ ಗಾಯ ತಿಂಗಳಾನುಗಟ್ಟಲೆ ಆರುವುದಿಲ್ಲ.

ಆಪರೇಷನ್‌ಗಳು, ಒಂದೊಂದಾಗಿ

ಫಿಸ್ಟುಲಾಟಮಿ. ಹೊರಬಾಯಿಯಿಂದ ಒಳಬಾಯಿಯವರೆಗೆ ಕಡ್ಡಿ ತೂರಿಸಿ, ಮೇಲಿನ ಮುಚ್ಚಿಗೆಯನ್ನು ಉದ್ದಕ್ಕೆ ಸೀಳಿ ದಾರಿಯನ್ನು ತೆರೆದಿಡುವುದು. ತಳವನ್ನು ಕೆರೆದು ತೆಗೆಯುತ್ತಾರೆ, ಹೊಲಿಗೆ ಹಾಕಿ ಮುಚ್ಚುವುದಿಲ್ಲ. ಗಾಯ ತಳದಿಂದ ತುಂಬಿಕೊಂಡು ಬರಬೇಕು. ಗಾಯದ ಅಂಚನ್ನು ದಾರಿಯ ತಳಕ್ಕೆ ಸುತ್ತ ಹೊಲಿದರೆ ಗಾಯ ಚಿಕ್ಕದಾಗುತ್ತದೆ, ರಕ್ತವೂ ಕಡಿಮೆ. ಆರಲು ನಾಲ್ಕರಿಂದ ಎಂಟು ವಾರ. ಕೆಳಮಟ್ಟದ, ಅಂದರೆ ಸ್ನಾಯುವನ್ನು ಸ್ವಲ್ಪವೇ ಹಾದುಹೋದ, ಸರಳ ಫಿಸ್ಟುಲಾಕ್ಕೆ ಇದರಷ್ಟು ಖಚಿತವಾದ ಆಪರೇಷನ್ ಇನ್ನೊಂದಿಲ್ಲ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ವಾಸಿಯಾಗುತ್ತದೆ. ಹೊಸ ಯಂತ್ರಗಳ ಗದ್ದಲದಲ್ಲಿ ಇದನ್ನು ‘ಹಳೆಯ ಪದ್ಧತಿ’ಯೆಂದು ತಳ್ಳಿಹಾಕುವುದು ರೋಗಿಗೆ ಮಾಡುವ ಅನ್ಯಾಯ.

ಆದರೆ ಸೀಳುವಾಗ ಸ್ನಾಯುವೂ ಸೀಳುತ್ತದೆ. ಹೊರಸ್ನಾಯುವಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಒಳಗೊಂಡಿದ್ದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ವಾಯು ತಡೆಯಲಾಗದಿರುವುದು, ನೀರಾದ ಮಲ ಸೋರುವುದು ಶುರುವಾಗಬಹುದು. ಹೆಂಗಸರಲ್ಲಿ ಮುಂಬದಿಯ ಹೊರಸ್ನಾಯು ಹುಟ್ಟಿನಿಂದಲೇ ಗಿಡ್ಡ. ಹೆರಿಗೆಯಲ್ಲಿ ಹರಿದಿದ್ದರೆ ಇನ್ನೂ ದುರ್ಬಲ. ಅವರಿಗೆ ಮುಂಬದಿಯ ಫಿಸ್ಟುಲಾದಲ್ಲಿ ಸೀಳುವ ಮಾತು ಬಂದರೆ ಇನ್ನೊಬ್ಬ ಸರ್ಜನ್‌ರ ಅಭಿಪ್ರಾಯ ಕೇಳಿಯೇ ಮುಂದುವರಿಯಿರಿ. ಈಗಾಗಲೇ ಸ್ವಲ್ಪ ಸೋರುವಿಕೆ ಇರುವವರು, ವಯಸ್ಸಾದವರು, ಸದಾ ಬೇಧಿಯಾಗುವವರು ಕೂಡ ಹೀಗೆಯೇ.

ಫಿಸ್ಟುಲೆಕ್ಟಮಿ. ದಾರಿಯನ್ನು ಸೀಳುವ ಬದಲು ಇಡಿಯಾಗಿ ಕೊರೆದು ತೆಗೆಯುವುದು. ಗಾಯ ದೊಡ್ಡದು, ಆರುವುದು ನಿಧಾನ, ವಾಸಿಯಾಗುವ ಪ್ರಮಾಣದಲ್ಲಿ ಹೇಳಿಕೊಳ್ಳುವ ಲಾಭವಿಲ್ಲ.

ಸೀಟನ್. ದಾರಿಯೊಳಗೆ ಸಿಲಿಕೋನ್ ಎಳೆಯನ್ನೋ ದಪ್ಪ ನೂಲನ್ನೋ ಹಾಯಿಸಿ ಹೊರಗೆ ಸಡಿಲವಾಗಿ ಗಂಟು ಹಾಕುವುದು. ಇದು ಚಿಕಿತ್ಸೆಯ ಕೊನೆಯಲ್ಲ, ಮೊದಲ ಹಂತ. ಬಾಯಿ ಮುಚ್ಚದಂತೆ ತಡೆದು ಕೀವು ಸಲೀಸಾಗಿ ಇಳಿದುಹೋಗಲು ಬಿಡುತ್ತದೆ. ಎಂಟರಿಂದ ಹನ್ನೆರಡು ವಾರದಲ್ಲಿ ಸುತ್ತಲಿನ ಊತ ಇಳಿದು, ದಾರಿ ಗಟ್ಟಿಯಾದ ಒಂದೇ ಕೊಳವೆಯಾಗುತ್ತದೆ. ಆಗ ಎರಡನೇ ಆಪರೇಷನ್ ಸುಲಭ. ಎಳೆ ಇರುವಾಗ ಕೆಲಸಕ್ಕೆ ಹೋಗಬಹುದು, ಸ್ನಾನ ಮಾಡಬಹುದು. ಸ್ವಲ್ಪ ಸೋರುತ್ತಿರುತ್ತದೆ, ಹತ್ತಿಯ ಪ್ಯಾಡ್ ಇಟ್ಟುಕೊಳ್ಳಿ. ಸ್ನಾನದಲ್ಲಿ ಎಳೆಯನ್ನು ಮೆಲ್ಲಗೆ ಸುತ್ತಲೂ ತಿರುಗಿಸಿ, ಗಂಟು ಒಳಗೆ ಹೋಗಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಉದುರಿಹೋದರೆ ಎರಡು ದಿನದೊಳಗೆ ಸರ್ಜನ್‌ಗೆ ತಿಳಿಸಿ, ಬಾಯಿ ಬೇಗ ಮುಚ್ಚಿ ಮತ್ತೆ ಕುರುವಾಗುತ್ತದೆ. ವಾರವಾರ ಬಿಗಿಗೊಳಿಸಿ ಸ್ನಾಯುವನ್ನು ನಿಧಾನವಾಗಿ ಕತ್ತರಿಸುವ ಸೀಟನ್ನೂ ಇದೆ. ಸೋರುವಿಕೆಯ ಅಪಾಯದಿಂದಾಗಿ ಅನೇಕ ಸರ್ಜನ್‌ಗಳು ಅದನ್ನು ಕೈಬಿಟ್ಟಿದ್ದಾರೆ.

ಲಿಫ್ಟ್. 2007ರಲ್ಲಿ ಥಾಯ್ಲೆಂಡಿನ ಸರ್ಜನ್ ಅರುಣ್ ರೋಜನಸಕುಲ್ ಮೊದಲು ವಿವರಿಸಿದ ಪದ್ಧತಿ. ಎರಡು ಸ್ನಾಯುಗಳ ನಡುವಿನ ಸಂದಿಯ ಮೇಲೆ ಚಿಕ್ಕ ಸೀಳು ಮಾಡಿ, ಸಂದಿಯಲ್ಲಿ ಹಾಯುವ ಕೊಳವೆಯನ್ನು ಬಿಡಿಸಿ, ಒಳಬಾಯಿಯ ಹತ್ತಿರ ದಾರದಿಂದ ಬಿಗಿದು ಕತ್ತರಿಸುತ್ತಾರೆ. ಹೊರಭಾಗವನ್ನು ಕೆರೆದು ಬಿಡುತ್ತಾರೆ. ಸ್ನಾಯು ಕತ್ತರಿಸುವುದಿಲ್ಲ ಎಂಬುದೇ ಇದರ ದೊಡ್ಡ ಗುಣ. ಸುಮಾರು ಹತ್ತರಲ್ಲಿ ಆರೇಳು ಮಂದಿಗೆ ಗುಣವಾಗುತ್ತದೆ. ವಿಫಲವಾದರೂ ಕೆಲವರಲ್ಲಿ ಹೊರಸ್ನಾಯುವಿನಾಚೆಯ ಭಾಗ ಆರಿ, ಸ್ನಾಯುಗಳ ನಡುವಿನ ಚಿಕ್ಕ ಫಿಸ್ಟುಲಾ ಮಾತ್ರ ಉಳಿಯುತ್ತದೆ. ಅದನ್ನು ಆಮೇಲೆ ಸುರಕ್ಷಿತವಾಗಿ ಸೀಳಬಹುದು. ಹೊರಸ್ನಾಯು ದಾಟಿದ, ಕವಲಿಲ್ಲದ ಫಿಸ್ಟುಲಾಕ್ಕೆ ನಾವು ಮೊದಲು ಕೇಳಿನೋಡಿ ಎನ್ನುವುದು ಇದನ್ನೇ. ಕೀವು ತುಂಬಿದ ಎಳೆಯ ದಾರಿಗೆ ಮಾಡಿದರೆ ಕೊಳವೆ ಕೈಯಲ್ಲೇ ಹರಿಯುತ್ತದೆ. ಸೀಟನ್‌ನ ಎಂಟು ಹನ್ನೆರಡು ವಾರ ಬೇಕಾಗುವುದು ಅದಕ್ಕೇ.

ಅಡ್ವಾನ್ಸ್‌ಮೆಂಟ್ ಫ್ಲ್ಯಾಪ್. ಒಳಬಾಯಿಯನ್ನು ಕತ್ತರಿಸಿ ತೆಗೆದು, ಮೇಲಿನ ಒಳಪದರವನ್ನು ಕೆಳಕ್ಕೆ ಎಳೆದು ಅದರ ಮೇಲೆ ಮುಚ್ಚಿ ಹೊಲಿಯುವುದು. ಫಲ ಹೆಚ್ಚುಕಡಿಮೆ ಲಿಫ್ಟ್‌ನಷ್ಟೇ. ಕೈಪಳಗಿದ ಸರ್ಜನ್ ಬೇಕು. ಪದರ ತೆಳ್ಳಗಾದರೆ, ಎಳೆತ ಹೆಚ್ಚಾದರೆ ಹೊಲಿಗೆ ಬಿಟ್ಟುಹೋಗುತ್ತದೆ.

ಲೇಸರ್. ದಾರಿಯೊಳಗೆ ತೆಳುವಾದ ಫೈಬರ್ ಹಾಕಿ, ಸಾಮಾನ್ಯವಾಗಿ 1470 ನ್ಯಾನೊಮೀಟರ್ ಕಿರಣದಿಂದ ಗೋಡೆಯನ್ನು ಸುಡುತ್ತ ನಿಧಾನಕ್ಕೆ ಹಿಂದಕ್ಕೆಳೆಯುವುದು. ನೋವು ಕಡಿಮೆ, ಗಾಯ ಚಿಕ್ಕದು, ಸ್ನಾಯುವಿಗೆ ಹಾನಿ ಬಲು ಕಡಿಮೆ. ಇದೆಲ್ಲ ನಿಜ. ವಾಸಿಯಾಗುವುದು ಮಾತ್ರ ಹತ್ತರಲ್ಲಿ ಸುಮಾರು ಆರು ಮಂದಿಗೆ. ಫೈಬರ್ ಮುಟ್ಟದ ಕವಲುಗಳು ಹಾಗೇ ಉಳಿಯುತ್ತವೆ, ಅಗಲವಾದ ದಾರಿಗೆ ಶಾಖ ಸಾಲುವುದಿಲ್ಲ, ಒಳಬಾಯಿಯನ್ನು ಬೇರೆಯಾಗಿ ಹೊಲಿಯದಿದ್ದರೆ ಮತ್ತೆ ತೆರೆದುಕೊಳ್ಳುತ್ತದೆ. ಕೆಳಮಟ್ಟದ ಸರಳ ಫಿಸ್ಟುಲಾಕ್ಕೆ ಹೆಚ್ಚು ಹಣ ಕೊಟ್ಟು ಲೇಸರ್ ಮಾಡಿಸುವುದೆಂದರೆ ಖಚಿತವಾದದ್ದನ್ನು ಬಿಟ್ಟು ಅನುಮಾನದ್ದನ್ನು ಕೊಂಡಂತೆ. ಎತ್ತರದ (ಹೆಚ್ಚು ಸ್ನಾಯುವನ್ನು ಹಾದುಹೋದ), ನೇರವಾದ, ಕಿರಿದಾದ ದಾರಿಗೆ ಇದು ಒಳ್ಳೆಯ ಆಯ್ಕೆಯೇ. ‘ಒಂದೇ ದಿನ, ನೋವಿಲ್ಲ, ಗ್ಯಾರಂಟಿ’ ಎಂಬ ಬೋರ್ಡಿನಲ್ಲಿ ಗ್ಯಾರಂಟಿ ಎಂಬ ಮಾತೊಂದು ಸುಳ್ಳು. ಯಾವ ಫಿಸ್ಟುಲಾಕ್ಕೂ ಗ್ಯಾರಂಟಿ ಕೊಡಲಾಗುವುದಿಲ್ಲ.

ಸಣ್ಣ ಕ್ಯಾಮೆರಾ ಹಾಕಿ ಒಳಗಿನಿಂದ ನೋಡುತ್ತ ಸುಡುವ ವಾಫ್ಟ್ ಪದ್ಧತಿಯಲ್ಲಿ ಕವಲುಗಳು ಕಣ್ಣಿಗೆ ಬೀಳುತ್ತವೆ, ಫಲ ಲೇಸರಿನ ಆಸುಪಾಸು. ಅಂಟು ತುಂಬುವುದು, ಪ್ಲಗ್ ಇಡುವುದು ಹಾನಿಯಿಲ್ಲದವು, ಆದರೆ ಅರ್ಧಕ್ಕರ್ಧ ಮರಳಿ ಬರುತ್ತವೆ.

ಕ್ಷಾರಸೂತ್ರದ ಬಗ್ಗೆ ಬೇರೆಯಾಗಿ

ಇದು ಆಯುರ್ವೇದದ ದಾರ ಕಟ್ಟುವ ಚಿಕಿತ್ಸೆ. ನಮ್ಮ ಕಡೆ ಬಹಳ ಮಂದಿ ಇದನ್ನೇ ಮೊದಲು ಕೇಳುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಇದು ಬರೀ ದಾರವಲ್ಲ. 20ನೇ ನಂಬರಿನ ಸರ್ಜಿಕಲ್ ನೂಲಿಗೆ ಕಳ್ಳಿಯ ಹಾಲನ್ನು 11 ಸಲ ಹಚ್ಚಿ ಒಣಗಿಸಿ, ಮೇಲೆ ಕಳ್ಳಿಹಾಲು ಮತ್ತು ಉತ್ತರಣೆಯ ಕ್ಷಾರವನ್ನು 7 ಸಲ, ಕೊನೆಗೆ ಕಳ್ಳಿಹಾಲು ಮತ್ತು ಅರಿಶಿನ ಪುಡಿಯನ್ನು 3 ಸಲ ಲೇಪಿಸುತ್ತಾರೆ. ಒಟ್ಟು 21 ಲೇಪ. ಇದನ್ನು ದಾರಿಯಲ್ಲಿ ಹಾಯಿಸಿ ಕಟ್ಟಿ, ವಾರಕ್ಕೊಮ್ಮೆ ಹಳೆಯ ದಾರದ ತುದಿಗೆ ಹೊಸದನ್ನು ಗಂಟು ಹಾಕಿ ಎಳೆದು ಬದಲಿಸುತ್ತಾರೆ. ಕ್ಷಾರ ದಾರಿಯ ಕೊಳೆತ ಗೋಡೆಯನ್ನು ತಿನ್ನುತ್ತದೆ, ದಾರ ಮುಂದೆ ಕತ್ತರಿಸುತ್ತ ಹೋಗುತ್ತದೆ, ಹಿಂದಿನಿಂದ ಗಾಯ ಆರುತ್ತ ಬರುತ್ತದೆ. ವಾರಕ್ಕೆ ಸುಮಾರು 1 ಸೆಂಟಿಮೀಟರ್ ಎಂದು ಲೆಕ್ಕ. 6 ಸೆಂಟಿಮೀಟರ್ ದಾರಿಯೆಂದರೆ ಆರೇಳು ವಾರ, ಆಮೇಲೆ ಗಾಯ ಪೂರ್ತಿ ಆರಲು ಇನ್ನಷ್ಟು ದಿನ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ಇದನ್ನು ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ಕ್ಷಾರಸೂತ್ರದಲ್ಲಿ ಆರಲು ಸುಮಾರು 8 ವಾರ, ಶಸ್ತ್ರಚಿಕಿತ್ಸೆಯಲ್ಲಿ ಸುಮಾರು 4 ವಾರ. ಒಂದು ವರ್ಷದಲ್ಲಿ ಮರಳಿ ಬಂದದ್ದು ಕ್ಷಾರಸೂತ್ರದಲ್ಲಿ ಶೇ 4, ಶಸ್ತ್ರಚಿಕಿತ್ಸೆಯಲ್ಲಿ ಶೇ 11. ಹಾಗಾಗಿ ಇದು ನಂಬಿಕೆಯ ಮಾತಲ್ಲ, ಪರೀಕ್ಷೆಗೆ ನಿಂತ ಚಿಕಿತ್ಸೆ. ಆದರೆ ದಾರ ಸ್ನಾಯುವನ್ನೂ ಕತ್ತರಿಸುತ್ತದೆ ಎಂಬುದನ್ನು ಮರೆಯಬಾರದು. ಎತ್ತರದ ಫಿಸ್ಟುಲಾಕ್ಕೆ ಇದರಲ್ಲೂ ಜೋಪಾನ ಬೇಕು, ಎಂಆರ್‌ಐ ಇದಕ್ಕೂ ಬೇಕು. ಕಟ್ಟುವವರು ಶಲ್ಯತಂತ್ರದಲ್ಲಿ (ಆಯುರ್ವೇದದ ಶಸ್ತ್ರಚಿಕಿತ್ಸೆಯಲ್ಲಿ) ಎಂಎಸ್ ಮಾಡಿದವರಾಗಿರಲಿ. ಪರಿಯಾರಂನ ಸರ್ಕಾರಿ ಆಯುರ್ವೇದ ಕಾಲೇಜು, ಉಡುಪಿ ಕುತ್ಪಾಡಿಯ ಆಯುರ್ವೇದ ಕಾಲೇಜಿನಂಥ ಕಡೆ ವಿಚಾರಿಸಬಹುದು. ಬಸ್‌ಸ್ಟ್ಯಾಂಡಿನ ಹಿಂದಿನ ಕೋಣೆಯಲ್ಲಿ ಹೆಸರಿಲ್ಲದ ಮದ್ದು ಚುಚ್ಚುವವರ ಹತ್ತಿರ ಮಾತ್ರ ಹೋಗಬೇಡಿ. ಸುಡುವ ರಾಸಾಯನಿಕ ಸ್ನಾಯುವಿಗೆ ಹೊಕ್ಕರೆ ಮಲದ್ವಾರ ಕಿರಿದಾಗುವುದೋ ಸೋರುವುದೋ ಶಾಶ್ವತವಾಗುತ್ತದೆ. ವಾರವಾರ ಹೋಗಬೇಕಾದ ಚಿಕಿತ್ಸೆಯಿದು. ಬಾಯಾರಿನಿಂದಲೋ ಪೆರ್ಲದಿಂದಲೋ ಎರಡು ಬಸ್ ಬದಲಿಸಿ ಎಂಟು ಹತ್ತು ಸಲ ಹೋಗಿಬರಲು ಸಾಧ್ಯವೇ ಎಂದು ಶುರುವಿಗೆ ಮುಂಚೆ ಯೋಚಿಸಿ. ನಡುವೆ ಬಿಟ್ಟರೆ ಕಟ್ಟಿಸಿದ್ದು ವ್ಯರ್ಥ.

ಎಲ್ಲಿ ಮಾಡಿಸುವುದು, ಏನು ಕೇಳುವುದು

ಸರಳವಾದದ್ದನ್ನು ಊರಿನ ಹತ್ತಿರದ ಸರ್ಜನ್ ಮಾಡಬಲ್ಲರು, ಡ್ರೆಸ್ಸಿಂಗಿಗೂ ಅನುಕೂಲ. ಎತ್ತರದ್ದು, ಕವಲಿರುವುದು, ಮರಳಿ ಬಂದದ್ದು ಎಂದಾದರೆ ಮೆಡಿಕಲ್ ಕಾಲೇಜು ಆಸ್ಪತ್ರೆಗೇ ಹೋಗುವುದು ಒಳ್ಳೆಯದು. ಮಂಗಳೂರಿನ ಕಡೆ ತಲಪಾಡಿ ದಾಟಿದರೆ ದೇರಳಕಟ್ಟೆ, ಮುಂದೆ ಕಂಕನಾಡಿ, ಅತ್ತಾವರ, ಸರ್ಕಾರಿ ವೆನ್ಲಾಕ್. ದಕ್ಷಿಣಕ್ಕೆ ಹೋದರೆ ಪರಿಯಾರಂ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇರುವವರು ಅದು ಗಡಿಯಾಚೆಯ ಆ ಆಸ್ಪತ್ರೆಯಲ್ಲಿ, ಆ ಆಪರೇಷನ್‌ಗೆ ನಡೆಯುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಕೌಂಟರ್‌ನಲ್ಲಿ ಕೇಳಿ. ಅಡ್ಮಿಟ್ ಆದ ಮೇಲೆ ಕೇಳಿದರೆ ಎಷ್ಟೋ ಸಲ ತಡವಾಗಿರುತ್ತದೆ.

ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡದಲ್ಲಿ ಅಥವಾ ತುಳುವಿನಲ್ಲಿ ವಿವರಿಸುವವರನ್ನು ಕರೆಸಿ, ಅರ್ಥವಾದ ಮೇಲೆಯೇ ಸಹಿ ಹಾಕಿ. ಕೇಳಬೇಕಾದ ಪ್ರಶ್ನೆಗಳು ಇವು: “ಡಾಕ್ಟ್ರೇ, ಹೊರಸ್ನಾಯುವಿನ ಎಷ್ಟು ಭಾಗ ಸೇರಿದೆ? ಒಳಬಾಯಿ ಸಿಕ್ಕಿದೆಯೇ? ಸೀಳುತ್ತೀರೋ ಉಳಿಸುತ್ತೀರೋ? ಒಂದೇ ಸಲವೇ, ಎರಡು ಹಂತವೇ? ಮರಳಿ ಬಂದರೆ ಮುಂದೇನು? ವಾಯು, ಮಲ ತಡೆಯಲು ತೊಂದರೆಯಾಗುವ ಸಂಭವ ನನಗೆಷ್ಟು?” ಕೊನೆಯ ಪ್ರಶ್ನೆಗೆ ‘ಏನೂ ಆಗುವುದಿಲ್ಲ’ ಎಂಬ ಒಂದೇ ಮಾತಿನ ಉತ್ತರ ಬಂದರೆ ಮತ್ತೊಮ್ಮೆ ಕೇಳಿ.

ಇನ್ನೊಂದನ್ನು ಮೊದಲೇ ಹೇಳಿಡಿ: ತೆಗೆದ ಮಾಂಸದ ತುಂಡನ್ನು ಪರೀಕ್ಷೆಗೆ ಕಳಿಸಬೇಕು. ಎರಡು ಬಾಟಲಿ ಬೇಕು. ಒಂದರಲ್ಲಿ ಫಾರ್ಮಲಿನ್, ಅದು ಬಯಾಪ್ಸಿಗೆ. ಇನ್ನೊಂದರಲ್ಲಿ ಬರೀ ಸಲೈನ್, ಅದು ಕ್ಷಯದ ಕ್ರಿಮಿಯನ್ನು ಪತ್ತೆ ಹಚ್ಚುವ ಸಿಬಿನ್ಯಾಟ್ ಪರೀಕ್ಷೆಗೆ ಮತ್ತು ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್‌ಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕ್ಷಯದ ಕ್ರಿಮಿ ಸತ್ತು ಕಲ್ಚರ್ ಬೆಳೆಯುವುದೇ ಇಲ್ಲ. ಪದೇ ಪದೇ ಆಪರೇಷನ್ ಆಗಿಯೂ ವಾಸಿಯಾಗದೆ, ಕೊನೆಗೆ ಕ್ಷಯವೆಂದು ತಿಳಿದು ಆರು ತಿಂಗಳ ಮಾತ್ರೆಯಿಂದ ಆರುವ ಫಿಸ್ಟುಲಾಗಳು ನಮ್ಮ ದೇಶದಲ್ಲಿ ಇವೆ. ಕ್ಷಯದ ಮಾತ್ರೆ ಸರ್ಕಾರದಿಂದ ಉಚಿತ.

ಹಿಂದಿನ ದಿನಗಳ ತಯಾರಿ

ಬೀಡಿ, ಸಿಗರೇಟು ಕೆಲವು ವಾರ ಮೊದಲೇ ನಿಲ್ಲಿಸಿ. ಹೊಗೆ ಗಾಯ ಆರುವುದನ್ನು ತಡೆಯುತ್ತದೆ, ಫ್ಲ್ಯಾಪ್ ಹಿಡಿಯಲು ಬಿಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಮುಖ್ಯವಾಗಿ ಹೃದಯದಲ್ಲಿ ಸ್ಟೆಂಟ್ ಇರುವವರು, ತಾವಾಗಿ ನಿಲ್ಲಿಸಬಾರದು. ಹೃದಯದ ಡಾಕ್ಟರರನ್ನು ಕೇಳಬೇಕು. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯಿದ್ದರೆ ಅರಿವಳಿಕೆ ವೈದ್ಯರಿಗೆ ಹೇಳಿ, ಸಾಮಾನ್ಯವಾಗಿ ಮೂರು ದಿನ ಮೊದಲು ನಿಲ್ಲಿಸಿಸುತ್ತಾರೆ. ಗಟ್ಟಿ ಆಹಾರ 6 ಗಂಟೆ ಮೊದಲು, ನೀರು 2 ಗಂಟೆ ಮೊದಲು ಬಂದ್. ಬೆಳಿಗ್ಗೆ ಒಂದು ಎನಿಮಾ ಸಾಕು.

ಅಡಿಕೆ ಮರ ಹತ್ತುವವರು, ಅಡಿಕೆಗೆ ಮದ್ದು ಸಿಂಪಡಿಸುವವರು ತಿಂಗಳು ನೋಡಿ ದಿನ ಗೊತ್ತುಮಾಡಿಕೊಳ್ಳಿ. ಕನಿಷ್ಠ ನಾಲ್ಕರಿಂದ ಆರು ವಾರ ಮರ ಹತ್ತುವಂತಿಲ್ಲ, ಭಾರ ಎತ್ತುವಂತಿಲ್ಲ, ಬೈಕಿನಲ್ಲಿ ದೂರ ಹೋಗುವಂತಿಲ್ಲ. ಮಳೆಗಾಲದಲ್ಲಿ ಆಪರೇಷನ್ ಮಾಡಬಾರದು ಎಂಬುದೇನಿಲ್ಲ. ಒಣಗದ ಬಟ್ಟೆಯಿಂದ ತುರಿಕಜ್ಜಿ ಹತ್ತದಂತೆ ಒಳಉಡುಪನ್ನು ಇಸ್ತ್ರಿ ಹಾಕಿ ಉಡಬೇಕು, ಅಷ್ಟೇ.

ಮನೆಗೆ ಬಂದ ಮೇಲೆ

ಬೆನ್ನಿನ ಅರಿವಳಿಕೆ ಕೊಟ್ಟ ರಾತ್ರಿ ಮೂತ್ರ ಕಟ್ಟಿಕೊಳ್ಳುವುದುಂಟು. ಆರೆಂಟು ಗಂಟೆಯಾದರೂ ಹೋಗದಿದ್ದರೆ, ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ತಡೆದುಕೊಂಡು ಕೂರದೆ ನರ್ಸ್‌ಗೆ ಹೇಳಿ.

ಮೊದಲ ಮಲವಿಸರ್ಜನೆಗೆ ಎಲ್ಲರೂ ಹೆದರುತ್ತಾರೆ, ಹೆದರಿ ಊಟ ಬಿಡುತ್ತಾರೆ. ಅದು ತಪ್ಪು. ಊಟ ಬಿಟ್ಟರೆ ಮಲ ಗಟ್ಟಿಯಾಗಿ ನೋವು ಹೆಚ್ಚುತ್ತದೆ. ಆಪರೇಷನ್ ದಿನ ರಾತ್ರಿಯಿಂದಲೇ ಕುಚ್ಚಲಕ್ಕಿ ಗಂಜಿ, ಮರುದಿನದಿಂದ ಹೆಸರುಕಾಳು, ಬಸಳೆ, ಬಾಳೆದಿಂಡಿನ ಪಲ್ಯ, ಪಪ್ಪಾಯಿ. ರಾತ್ರಿ ಒಂದೆರಡು ಚಮಚ ಇಸಬ್‌ಗೋಲ್ ಒಂದು ದೊಡ್ಡ ಲೋಟ ನೀರಿನಲ್ಲಿ. ನೀರು ಕಡಿಮೆ ಕುಡಿದರೆ ಅದೇ ಮಲ ಕಟ್ಟುತ್ತದೆ. ದಿನಕ್ಕೆ ಎರಡು ಎರಡೂವರೆ ಲೀಟರ್ ನೀರು, ಕಿಡ್ನಿ ಅಥವಾ ಹೃದಯದ ತೊಂದರೆಯಿಲ್ಲದಿದ್ದರೆ. ಬೇಧಿಯಾಗುವಷ್ಟು ಮದ್ದು ಬೇಡ, ನೀರುಮಲ ಗಾಯಕ್ಕೆ ಇನ್ನೂ ಉರಿ. ನೋವಿನ ಮಾತ್ರೆಯನ್ನು ಪಾಯಿಖಾನೆಗೆ ಹೋಗುವ ಅರ್ಧ ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಿ. ಟ್ರಮಡಾಲ್ ಮಲಬದ್ಧತೆ ತರುತ್ತದೆ, ಬರೆದುಕೊಟ್ಟಿದ್ದರೆ ಮಲ ಸಡಿಲಿಸುವ ಮದ್ದು ಜತೆಗಿರಲಿ.

ಟಬ್ಬಿನಲ್ಲಿ ಕೂರುವುದು ದಿನಕ್ಕೆ ಎರಡು ಮೂರು ಸಲ ಮತ್ತು ಪ್ರತಿ ಸಲ ಮಲ ಹೋದ ಮೇಲೆ, 10ರಿಂದ 15 ನಿಮಿಷ. ನೀರು ಮೊಣಕೈಗೆ ಹಿತವೆನಿಸುವಷ್ಟು ಬಿಸಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂಕಾದವರು ಮನೆಯವರ ಕೈಯಿಂದ ಪರೀಕ್ಷಿಸಿಕೊಳ್ಳಲಿ, ಸುಟ್ಟುಕೊಂಡವರಿದ್ದಾರೆ. ಡೆಟಾಲ್ ಹಾಕಬೇಡಿ, ಅದು ಹೊಸ ಮಾಂಸವನ್ನು ಕೊಲ್ಲುತ್ತದೆ. ಉಪ್ಪು ಹಾಕಿದರೂ ಹಾಕದಿದ್ದರೂ ವ್ಯತ್ಯಾಸವಿಲ್ಲ. ಎದ್ದ ಮೇಲೆ ಒತ್ತಿ ಒರೆಸದೆ ಹತ್ತಿಬಟ್ಟೆಯಿಂದ ತಟ್ಟಿ ಒಣಗಿಸಿ, ಗಾಯದ ತುಟಿಗಳ ನಡುವೆ ಒಂದು ಪದರ ಗಾಜ್ ಇಡಿ. ಗಿಡಿದು ತುಂಬಬಾರದು, ತುಟಿಗಳು ಒಂದಕ್ಕೊಂದು ಅಂಟದಿರಲು ಎಷ್ಟು ಬೇಕೋ ಅಷ್ಟೇ. ನಡುವೆ ತೂತಿರುವ ರಬ್ಬರ್ ದಿಂಬು ಗಾಯವನ್ನು ಎರಡೂ ಕಡೆಗೆ ಎಳೆಯುತ್ತದೆ, ಮೆತ್ತನೆಯ ಮಾಮೂಲು ದಿಂಬೇ ಮೇಲು.

ಹೆಚ್ಚಿನ ಕಡೆ ಕೆಡುವುದು ಇಲ್ಲಿಯೇ. ಮೇಲಿನ ಚರ್ಮ ಬೇಗ ಕೂಡಿಕೊಂಡು, ತಳದಲ್ಲಿ ಪೊಳ್ಳು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ‘ವಾಸಿಯಾಯಿತು’ ಎನಿಸುತ್ತದೆ, ಒಳಗೆ ಕೀವು ಸೇರುತ್ತಿರುತ್ತದೆ. ಇದನ್ನು ತಪ್ಪಿಸಲು ಮೊದಲ ನಾಲ್ಕು ವಾರ ವಾರಕ್ಕೊಮ್ಮೆ ಸರ್ಜನ್ ಬೆರಳಿನಿಂದ ಗಾಯ ಬಿಡಿಸಿ ನೋಡಬೇಕು. ಸುತ್ತಲಿನ ಕೂದಲು ಬೆಳೆದು ಗಾಯದೊಳಗೆ ಬಾಗಿದರೂ ಆರುವುದಿಲ್ಲ, ಎರಡು ವಾರಕ್ಕೊಮ್ಮೆ ಕತ್ತರಿಸಿ, ಬ್ಲೇಡು ಬೇಡ.

ತಿಳಿ ಹಳದಿ ನೀರು, ಮಲದ ಜತೆ ಸ್ವಲ್ಪ ರಕ್ತ ಕೆಲವು ವಾರ ಇರುವುದೇ. ಮೊದಲ ವಾರಗಳಲ್ಲಿ ವಾಯು ತಡೆಯಲು ಸ್ವಲ್ಪ ಕಷ್ಟವಾಗುವುದೂ ಇದೆ, ಬಹುತೇಕ ಇಳಿಯುತ್ತದೆ. ಜ್ವರ, ದಿನೇ ದಿನೇ ಏರುವ ನೋವು, ಪ್ಯಾಡ್ ತೊಯ್ದು ಹನಿಯುವಷ್ಟು ರಕ್ತ, ಹರಡುವ ಕೆಂಪು ಇವು ಮಾತ್ರ ಕಾಯುವಂಥವಲ್ಲ.

ಮರಳಿ ಬಂದರೆ

ಮೂರು ತಿಂಗಳಾದರೂ ಸೋರುತ್ತಿದ್ದರೆ, ಅಥವಾ ಆರಿ ಮತ್ತೆ ಗುಳ್ಳೆ ಎದ್ದರೆ ಮರಳಿದೆ ಎಂದೇ ಲೆಕ್ಕ. ಕಾರಣ ಸಾಮಾನ್ಯವಾಗಿ ಒಳಬಾಯಿ ಸಿಗದೆ ಉಳಿದದ್ದು, ಕವಲು ತಪ್ಪಿದ್ದು, ಅಥವಾ ಕ್ಷಯ, ಕ್ರೋನ್ಸ್ ಕಣ್ಣಿಗೆ ಬೀಳದೆ ಹೋದದ್ದು. ಕುರುವಿಲ್ಲದಿದ್ದರೆ ಗಡಿಬಿಡಿ ಬೇಡ. ಆಪರೇಷನ್ ಆಗಿ ಮೂರು ತಿಂಗಳ ಒಳಗೆ ತೆಗೆದ ಎಂಆರ್‌ಐಯಲ್ಲಿ ಆರುತ್ತಿರುವ ಗಾಯವೂ ದಾರಿಯಂತೆಯೇ ಹೊಳೆಯುತ್ತದೆ. ಅದು ಕಳೆದ ಮೇಲೆ ಹೊಸತು ಮಾಡಿಸಿ. ಹಿಂದಿನವರನ್ನು ಬಿಟ್ಟು ಬೇರೆ ಆಸ್ಪತ್ರೆಗೆ ಹೋಗುವುದಾದರೆ ಬರೀ ಡಿಸ್‌ಚಾರ್ಜ್ ಚೀಟಿ ಸಾಲದು. ಒಳಬಾಯಿ ಎಷ್ಟು ಗಂಟೆಯ ಜಾಗದಲ್ಲಿತ್ತು, ಎಷ್ಟು ಸ್ನಾಯು ಸೀಳಿದರು ಎಂದು ಬರೆದಿರುವ ಆಪರೇಷನ್ ನೋಟ್ಸ್‌ನ ಪ್ರತಿ, ಬಯಾಪ್ಸಿ ರಿಪೋರ್ಟ್, ಹಳೆಯ ಎಂಆರ್‌ಐ ಸಿಡಿ ಮೂರನ್ನೂ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಅರ್ಜಿ ಕೊಟ್ಟು ಪಡೆಯಿರಿ. ಕೇಳಿದ ರೋಗಿಗೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ.